ಕೇಳುವ ಫೋನ್, ಹೇಳುವ ಫೋನ್: ಅಮೆರಿಕದ ಡಿಜಿಟಲ್ ಡಿಎಲ್ ಒಳಗೆ

ನನ್ನ ಮೇಜಿನ ಮೇಲೆ ಯಾವಾಗಲೂ ಎರಡು ಫೋನ್ ಇರುತ್ತವೆ. ಒಂದು ಕೇಳುವ ಫೋನ್, ಇನ್ನೊಂದು ಹೇಳುವ ಫೋನ್. ಕೇಳುವುದು ಅಂಗಡಿಯವರದ್ದು ಅಂದುಕೊಳ್ಳಿ, ಹೇಳುವುದು ಗಿರಾಕಿಯದ್ದು. ಗಿರಾಕಿಯ ಫೋನಿನಲ್ಲಿ ಪರೀಕ್ಷೆಗೆಂದೇ ಮಾಡಿದ ಒಂದು ಡ್ರೈವಿಂಗ್ ಲೈಸೆನ್ಸ್ ಇದೆ. ಇವೆರಡೂ ಸರಿಯಾಗಿ ಮಾತಾಡಿಕೊಳ್ಳುತ್ತವಾ, ಬೇಕಾದ್ದಕ್ಕಿಂತ ಜಾಸ್ತಿ ಮಾತಾಡುತ್ತವಾ ಅಂತ ನೋಡುವುದೇ ನನ್ನ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಕೂತು ಕೆಲವು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ.

ಇಲ್ಲಿನ ಕನ್ನಡದವರು ಹಬ್ಬಕ್ಕೋ ಊಟಕ್ಕೋ ಸೇರಿದಾಗ ನನಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಡಿಎಲ್ ಫೋನಿಗೆ ಹಾಕ್ಕೊಂಡಿದ್ದೀನಿ. ಇನ್ನು ಕಾರ್ಡ್ ಮನೇಲಿ ಬಿಟ್ಟು ಓಡಾಡಬಹುದಲ್ವಾ?" ಬೇಡ, ಸದ್ಯಕ್ಕೆ ಕಾರ್ಡ್ ಜೇಬಿನಲ್ಲೇ ಇರಲಿ ಅನ್ನುತ್ತೇನೆ. ಕೇಳಿದವರಿಗೆ ಬೇಸರವಾಗುತ್ತದೆ. ಬೆಂಗಳೂರಿನಲ್ಲಿ ಡಿಜಿಲಾಕರ್ ತೆಗೆದು ತೋರಿಸಿ ಅಭ್ಯಾಸ ಇರುವವರಿಗಂತೂ ಇದು ಅರ್ಥವೇ ಆಗುವುದಿಲ್ಲ.

ಭಾರತದಲ್ಲಿ ಇದು ಒಂದೇ ಕಡೆಯಿಂದ ಬಂತು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಡಿಎಲ್ ಅಸಲಿ ಕಾಗದಕ್ಕೆ ಸಮ ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲಿ ಹೇಳಿತು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಡಿಜಿಟಲ್ ಲೈಸೆನ್ಸ್ ಬೇಕೋ ಬೇಡವೋ ಅನ್ನುವುದೂ ಆಯಾ ರಾಜ್ಯದ ತೀರ್ಮಾನ. ರಾಜ್ಯ ಕೊಟ್ಟರೂ ಅದನ್ನು ತೆಗೆದುಕೊಳ್ಳಲೇಬೇಕು ಅಂತ ಎಲ್ಲರಿಗೂ ಕಟ್ಟುಪಾಡು ಇಲ್ಲ. ಲೂಸಿಯಾನಾ 2018ರಲ್ಲೇ ಎಲ್‌ಎ ವಾಲೆಟ್ ಎಂಬ ಆ್ಯಪ್ ತಂದಿತು. ಅರಿಜೋನಾ 2022ರ ಮಾರ್ಚಿನಲ್ಲಿ ಐಫೋನಿನ ಆ್ಯಪಲ್ ವಾಲೆಟ್ಟಿಗೆ ಲೈಸೆನ್ಸ್ ಹಾಕಿದ ಮೊದಲ ರಾಜ್ಯವಾಯಿತು. ಆಮೇಲೆ ಮೇರಿಲ್ಯಾಂಡ್, ಕೊಲರಾಡೊ, ಜಾರ್ಜಿಯಾ ಬಂದವು. ನಮ್ಮ ಕ್ಯಾಲಿಫೋರ್ನಿಯಾ 2023ರಲ್ಲಿ ಪ್ರಯೋಗ ಅಂತ ಹೇಳಿಯೇ ಶುರು ಮಾಡಿತು, 15 ಲಕ್ಷ ಜನರಿಗೆ ಮಾತ್ರ ಎಂಬ ಮಿತಿ ಇಟ್ಟು. ಎಲ್ಲ ಕಡೆಯೂ ಹಾಕಿರುವ ಷರತ್ತು ಒಂದೇ: ಇದು ಐಚ್ಛಿಕ. ಬೇಕಾದವರು ಹಾಕಿಕೊಳ್ಳಬಹುದು, ಕಾರ್ಡ್ ಅಂತೂ ಇದ್ದೇ ಇರುತ್ತದೆ.

ಇಷ್ಟು ಇತಿಹಾಸ ಸಾಕು. ನನಗೆ ಹೇಳಬೇಕಾದ್ದು ಬೇರೆ. ಡಿಜಿಟಲ್ ಡಿಎಲ್ ಅಂದರೆ ಕಾರ್ಡಿನ ಫೋಟೋ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಕಾರ್ಡನ್ನು ತೋರಿಸುತ್ತೇವೆ. ಇದು ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಹಾಗಾಗಿ ನಾವು ಕಣ್ಣಿಡಬೇಕಾದ್ದು ಕೇಳುವವರ ಮೇಲೆ.

ನಿಮ್ಮ ಹತ್ತಿರ ಅಮೆರಿಕದ ಲೈಸೆನ್ಸ್ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಹಿಂದೆ ಚುಕ್ಕೆ ಚುಕ್ಕೆಯ ಒಂದು ಅಗಲವಾದ ಬಾರ್‌ಕೋಡ್ ಇದೆ. ಅದರ ಹೆಸರು ಪಿಡಿಎಫ್417. ಸ್ಕ್ಯಾನ್ ಮಾಡಿದರೆ ಹೆಸರು, ಮನೆ ವಿಳಾಸ, ಹುಟ್ಟಿದ ದಿನ, ಎತ್ತರ, ಕಣ್ಣಿನ ಬಣ್ಣ, ಲೈಸೆನ್ಸ್ ನಂಬರ್ ಎಲ್ಲ ಒಂದೇ ಏಟಿಗೆ ಬರುತ್ತದೆ. ಬೀಗ ಇಲ್ಲ, ಗುಟ್ಟು ಇಲ್ಲ. ಬಾರಿನ ಬಾಗಿಲಲ್ಲಿ ನಿಂತವನಿಗೆ ಬೇಕಾಗಿದ್ದು ಈ ಹುಡುಗಿಗೆ 21 ತುಂಬಿದೆಯಾ ಅನ್ನುವುದು ಮಾತ್ರ. ಅವನ ಯಂತ್ರಕ್ಕೆ ಸಿಕ್ಕಿದ್ದು ಅವಳ ಮನೆ ನಂಬರ್. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯವರು ಹೀಗೆ ಸ್ಕ್ಯಾನ್ ಮಾಡಿ ಮಾಹಿತಿ ಇಟ್ಟುಕೊಳ್ಳದಂತೆ ಕಾನೂನಿನ ಕಡಿವಾಣ ಇದೆ. ಎಲ್ಲ ರಾಜ್ಯಗಳಲ್ಲೂ ಅಷ್ಟು ಬಿಗಿ ಇಲ್ಲ.

ಫೋನಿನ ಲೈಸೆನ್ಸ್ ಈ ತೊಂದರೆಯನ್ನು ನಿಜವಾಗಿಯೂ ಬಿಡಿಸುತ್ತದೆ. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಆಸೆ. 2021ರಲ್ಲಿ ಫೋನಿನ ಲೈಸೆನ್ಸಿಗೆ ಐಎಸ್‌ಒ 18013-5 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅದರ ಒಳಗಿನ ಉಪಾಯ ಸರಳ. ನಿಮ್ಮ ಒಂದೊಂದು ವಿವರವನ್ನೂ ಒಂದೊಂದು ಕವರಿನಲ್ಲಿ ಹಾಕಿ ಅಂಟಿಸಿದ ಹಾಗೆ. ಹೆಸರು ಒಂದು ಕವರ್, ವಿಳಾಸ ಒಂದು ಕವರ್, "21 ದಾಟಿದೆಯಾ? ಹೌದು" ಅನ್ನುವುದು ಇನ್ನೊಂದು ಕವರ್. ಪ್ರತಿ ಕವರಿಗೂ ಒಂದು ಹೆಬ್ಬೆಟ್ಟಿನ ಗುರುತು ಇದೆ. ಆ ಎಲ್ಲ ಗುರುತುಗಳ ಪಟ್ಟಿ ಮಾಡಿ ಕೆಳಗೆ ಡಿಎಂವಿ, ಅಂದರೆ ಇಲ್ಲಿನ ಆರ್‌ಟಿಒ, ಸಹಿ ಹಾಕಿದೆ. ಅಂಗಡಿಯವರು ಕೇಳಿದ ಕವರ್ ಮಾತ್ರ ನೀವು ಒಡೆಯುತ್ತೀರಿ. ಅವರ ಯಂತ್ರ ಅದರ ಗುರುತನ್ನು ಪಟ್ಟಿಯ ಜೊತೆ ಹೋಲಿಸಿ, ಡಿಎಂವಿ ಸಹಿ ಅಸಲಿಯೇ ಅಂತ ನೋಡುತ್ತದೆ. ಉಳಿದ ಕವರ್‌ಗಳು ಅಂಟಿಸಿದ ಹಾಗೇ ಇರುತ್ತವೆ. ಇದಕ್ಕೆ ಇಂಟರ್ನೆಟ್ಟೂ ಬೇಡ. ಎರಡೂ ಫೋನ್ ಕ್ಯೂಆರ್ ಕೋಡಿನಿಂದಲೋ ಮುಟ್ಟಿಸಿಯೋ ಪರಿಚಯ ಮಾಡಿಕೊಂಡು, ಸಾಮಾನ್ಯವಾಗಿ ಬ್ಲೂಟೂತಿನಲ್ಲಿ ಮಾತು ಮುಗಿಸುತ್ತವೆ.

ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೆ ಕಳಿಸಿದರೆ ನಡೆಯಲ್ಲ. ಫೋನಿನೊಳಗೆ ಒಂದು ಗುಟ್ಟಿನ ಕೀ ಇದೆ, ಅದು ಆ ಫೋನ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಪ್ರತಿ ಸಲ ಉತ್ತರ ಕೊಡುವಾಗ ಅದರಿಂದ ಹೊಸದಾಗಿ ಸಹಿ ಆಗುತ್ತದೆ. ಆದರೆ ಇದೆಲ್ಲ ಕೇಳುವ ಯಂತ್ರ ಇದ್ದಾಗ ಮಾತ್ರ. ಕೌಂಟರಿನಲ್ಲಿರುವ ಹುಡುಗ ಸುಮ್ನೆ ಸ್ಕ್ರೀನ್ ನೋಡಿ "ಓಕೆ" ಅಂದರೆ ಈ ಸಹಿ, ಈ ಕೀ ಯಾವುದಕ್ಕೂ ಬೆಲೆ ಇಲ್ಲ. ಲೈಸೆನ್ಸಿನ ಹಾಗೆ ಕಾಣುವ ಸ್ಕ್ರೀನನ್ನು ಯಾರು ಬೇಕಾದರೂ ಮಾಡಬಹುದು. ಕಾರ್ಡ್ ಜೇಬಿನಲ್ಲಿರಲಿ ಅಂತ ನಾನು ಹೇಳುವುದಕ್ಕೆ ಇದೇ ಮೊದಲ ಕಾರಣ. ಹೇಳುವ ಫೋನ್‌ಗಳು ಬೇಗ ಹರಡಿದವು, ಕೇಳುವ ಯಂತ್ರಗಳು ಇನ್ನೂ ಕಮ್ಮಿ.

ಯಂತ್ರ ಇದ್ದರೂ ಅದು ಏನು ಕೇಳುತ್ತದೆ ಅನ್ನುವುದೇ ದೊಡ್ಡ ವಿಷಯ. ಹಲವು ಊರುಗಳಲ್ಲಿ ಅಂಗಡಿ ಇರುವ ಒಂದು ಕಂಪನಿ ಬಿಯರ್ ಮಾರುವ ಕೌಂಟರಿಗೆ ಈ ವ್ಯವಸ್ಥೆ ಬೇಕು ಅಂತ ನಮ್ಮ ಹತ್ತಿರ ಬಂತು. ಗಿರಾಕಿಯ ಫೋನಿಗೆ ಕೇಳಬೇಕಾದ ವಿವರಗಳ ಪಟ್ಟಿ ಕಳಿಸಿದರು. ಎಣಿಸಿದೆ. 14 ಸಾಲು. ಹೆಸರು, ಮನೆತನದ ಹೆಸರು, ವಿಳಾಸ, ಊರು, ಲೈಸೆನ್ಸ್ ನಂಬರ್, ಎತ್ತರ, ಕಣ್ಣಿನ ಬಣ್ಣ. ಒಂದು ಬಿಯರ್ ಕೊಡಲು ಕಣ್ಣಿನ ಬಣ್ಣ ಯಾಕೆ? ಅಲ್ಲಿನ ಮ್ಯಾನೇಜರ್ ಕೆಟ್ಟವರೇನಲ್ಲ. "ಕಾರ್ಡ್ ಸ್ಕ್ಯಾನ್ ಮಾಡಿದರೆ ಇವೆಲ್ಲ ಬರುತ್ತಿತ್ತಲ್ಲ, ಅದನ್ನೇ ಬರೆದೆವು" ಅಂದರು. ಬಾರ್‌ಕೋಡಿನ ಅಭ್ಯಾಸ ಹೊಸ ಯಂತ್ರಕ್ಕೂ ಹಾಗೇ ಬಂದಿತ್ತು.

ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು. ಈ ಮಾನದಂಡದಲ್ಲಿ ಪ್ರತಿ ವಿವರ ಕೇಳುವಾಗಲೂ "ಇದನ್ನು ನಾನು ಉಳಿಸಿಕೊಳ್ಳುತ್ತೇನಾ?" ಅನ್ನುವುದಕ್ಕೆ ಹೌದು ಅಥವಾ ಇಲ್ಲ ಅಂತ ಹೇಳಲೇಬೇಕು. ಹದಿನಾಲ್ಕಕ್ಕೂ "ಹೌದು" ಇತ್ತು. ಎರಡು ವಾರ ಕೂತು ಮಾತಾಡಿದೆವು. ಕೊನೆಗೆ ಉಳಿದದ್ದು ಎರಡು ಸಾಲು: ಮುಖದ ಫೋಟೋ, 21 ದಾಟಿದೆಯಾ. ಎರಡಕ್ಕೂ "ಉಳಿಸಿಕೊಳ್ಳುವುದಿಲ್ಲ". ಫೋಟೋ ಬೇಕೇ ಬೇಕು. ಇಲ್ಲದಿದ್ದರೆ ಅಣ್ಣನ ಫೋನ್ ತಮ್ಮ ತಂದರೂ ಗೊತ್ತಾಗಲ್ಲ.

ಒಳ್ಳೆಯ ವಾಲೆಟ್‌ಗಳು ಈ ಪಟ್ಟಿಯನ್ನು ನಿಮ್ಮ ಮುಂದೆ ಇಡುತ್ತವೆ. ಫೋನ್ ಮುಟ್ಟಿಸಿದ ಕೂಡಲೇ ಇಂಥವರು ಇಂಥಿಂಥದ್ದು ಕೇಳುತ್ತಿದ್ದಾರೆ ಅಂತ ಒಂದು ಪರದೆ ಬರುತ್ತದೆ. ನೀವು ಮುಖವನ್ನೋ ಬೆರಳನ್ನೋ ತೋರಿಸಿ ಒಪ್ಪಿದ ಮೇಲೆಯೇ ವಿವರ ಹೋಗುವುದು. ಕ್ಯೂನಲ್ಲಿ ಹಿಂದಿನವರು ಕಾಯುತ್ತಿರುತ್ತಾರೆ, ನಾವು ಓದದೆ ಒಪ್ಪಿಬಿಡುತ್ತೇವೆ. ದಯವಿಟ್ಟು ಓದಿ. ಬಿಯರಿಗೆ ವಿಳಾಸ ಕೇಳಿದರೆ ಒಪ್ಪಬೇಡಿ.

ಇನ್ನೊಂದು ಅಪಾಯ ಪರದೆಯ ಮೇಲೆ ಕಾಣುವುದೇ ಇಲ್ಲ. ಇದೇ ಮಾನದಂಡದಲ್ಲಿ ಎರಡನೇ ದಾರಿಯೂ ಇದೆ. ಅಂಗಡಿಯ ಯಂತ್ರ ನಿಮ್ಮ ಫೋನಿನಿಂದ ಒಂದು ಚೀಟಿ ಮಾತ್ರ ತೆಗೆದುಕೊಂಡು, ವಿವರವನ್ನು ನೇರವಾಗಿ ಸರ್ಕಾರದ ಸರ್ವರಿನಿಂದ ತರಿಸಿಕೊಳ್ಳಬಹುದು. ಆಗ ನೀವು ಯಾವತ್ತು, ಯಾವ ಹೊತ್ತಿನಲ್ಲಿ, ಎಲ್ಲಿ ಗುರುತು ತೋರಿಸಿದಿರಿ ಅನ್ನುವುದು ಸರ್ಕಾರಕ್ಕೆ ಗೊತ್ತಾಗುತ್ತದೆ. ಔಷಧಿ ಅಂಗಡಿ, ಬಾರ್, ಆಸ್ಪತ್ರೆ ಎಲ್ಲ. ಪ್ಲಾಸ್ಟಿಕ್ ಕಾರ್ಡ್ ಯಾವತ್ತೂ ಹೀಗೆ ಚಾಡಿ ಹೇಳಿದ್ದಿಲ್ಲ. 2025ರ ಜೂನಿನಲ್ಲಿ ಎಸಿಎಲ್‌ಯು, ಇಎಫ್‌ಎಫ್‌ನಂಥ ನಾಗರಿಕ ಹಕ್ಕುಗಳ ಸಂಸ್ಥೆಗಳೂ ಹಲವು ತಜ್ಞರೂ ಸೇರಿ "ನೋ ಫೋನ್ ಹೋಮ್" ಅಂತ ಒಂದು ಹೇಳಿಕೆ ಹೊರಡಿಸಿದರು. ಗುರುತಿನ ಚೀಟಿ ತನ್ನನ್ನು ಕೊಟ್ಟವರಿಗೆ ಸುದ್ದಿ ಮುಟ್ಟಿಸಬಾರದು ಅನ್ನುವುದು ಅದರ ಸಾರ. ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಯಂತ್ರದಲ್ಲಿ ಆ ದಾರಿಯನ್ನು ಮುಚ್ಚಿಯೇ ಇಟ್ಟಿದ್ದೇವೆ.

ಪೊಲೀಸರ ವಿಷಯವೂ ಬರುತ್ತದೆ. ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿದ ಪೊಲೀಸರು ಕಾರ್ಡ್ ತೆಗೆದುಕೊಂಡು ತಮ್ಮ ಗಾಡಿಗೆ ಹೋಗುತ್ತಾರೆ, ಅದು ಇಲ್ಲಿನ ರೂಢಿ. ಅದೇ ರೂಢಿಯಲ್ಲಿ ಅನ್‌ಲಾಕ್ ಮಾಡಿದ ಫೋನ್ ಕೈಗೆ ಕೊಟ್ಟುಬಿಟ್ಟರೆ? ಬಂಧಿಸಿದವರ ಫೋನನ್ನೇ ಸಾಮಾನ್ಯವಾಗಿ ವಾರಂಟ್ ಇಲ್ಲದೆ ಜಾಲಾಡುವ ಹಾಗಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ರೈಲಿ ಪ್ರಕರಣದಲ್ಲಿ ಹೇಳಿದೆ. ಆದರೆ ನೀವಾಗಿಯೇ ಒಪ್ಪಿ ಕೊಟ್ಟರೆ ಕಥೆ ಬೇರೆ. ಅದಕ್ಕೇ ಇಲಿನಾಯ್ ತನ್ನ ಕಾನೂನಿನಲ್ಲಿ, ಡಿಜಿಟಲ್ ಗುರುತು ತೋರಿಸಿದ ಮಾತ್ರಕ್ಕೆ ಫೋನ್ ಹುಡುಕಲು ಒಪ್ಪಿದ ಹಾಗಲ್ಲ ಅಂತ ಬಿಡಿಸಿ ಬರೆದಿದೆ. ನೀವು ಯಾವ ರಾಜ್ಯದಲ್ಲಿದ್ದರೂ ಫೋನ್ ಕೈ ಬಿಡಬೇಡಿ. ವಿಮಾನ ನಿಲ್ದಾಣದಲ್ಲೂ ತಪಾಸಣೆ ಮಾಡುವ ಟಿಎಸ್‌ಎ ಸಿಬ್ಬಂದಿಗೆ ಫೋನ್ ಕೊಡಬೇಕಾಗಿಲ್ಲ, ಯಂತ್ರಕ್ಕೆ ಮುಟ್ಟಿಸಿದರೆ ಸಾಕು. ಪೊಲೀಸರು ಕೇಳಿದರೆ ಕಾರ್ಡ್ ಕೊಡಿ, ಅದೇ ನೆಮ್ಮದಿ.

ಐಚ್ಛಿಕ ಅನ್ನುವ ಪದ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಲೂಸಿಯಾನಾ ನೋಡಿ. 2018ರಲ್ಲಿ ಎಲ್‌ಎ ವಾಲೆಟ್ ಬಂದಾಗ ಅದು ಪರ್ಸ್ ಮರೆತವರಿಗೆ ಒಂದು ಅನುಕೂಲ ಅಷ್ಟೇ. 2023ರ ಜನವರಿ 1ರಿಂದ ಅಲ್ಲಿ ವಯಸ್ಕರ ವೆಬ್‌ಸೈಟ್‌ಗಳು ನೋಡುಗರ ವಯಸ್ಸು ಪರೀಕ್ಷಿಸಬೇಕು ಎಂಬ ಕಾನೂನು ಬಂತು. ಆ ಪರೀಕ್ಷೆಗೆ ಸಿದ್ಧವಾಗಿ ನಿಂತಿದ್ದದ್ದು ಇದೇ ವಾಲೆಟ್. ಮಕ್ಕಳನ್ನು ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ, ನನಗೂ ಮಗಳಿದ್ದಾಳೆ. ಆದರೆ ಗುರುತು ಕೇಳುವುದು ಸುಲಭವಾದ ಹಾಗೆ, ಹಿಂದೆ ಕೇಳದೇ ಇದ್ದ ಜಾಗದಲ್ಲೂ ಕೇಳುವುದು ಶುರುವಾಗುತ್ತದೆ. ಇವತ್ತು ಬೇಕಾದವರಿಗೆ ಮಾತ್ರ ಅಂದದ್ದು, ಎಲ್ಲ ಬಾಗಿಲಲ್ಲೂ ಅದನ್ನೇ ಕೇಳಿದರೆ ಬೇಡ ಅನ್ನಲು ಆಗದ ವಸ್ತುವಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮುದುಕರು ಇಲ್ಲೂ ಇದ್ದಾರೆ. ಯೂಟಾ 2025ರಲ್ಲಿ ಮಾಡಿದ ಕಾನೂನು ನನಗೆ ಹಿಡಿಸಿದ್ದು ಇದಕ್ಕೇ. ಒಬ್ಬರ ಗುರುತು ಹುಟ್ಟಿನಿಂದಲೇ ಅವರದ್ದು, ರಾಜ್ಯ ಅದಕ್ಕೆ ಸಾಕ್ಷಿ ಹಾಕುತ್ತದೆ ಅಷ್ಟೇ ಅನ್ನುವ ಮಾತಿನಿಂದ ಅದು ಹೊರಡುತ್ತದೆ.

ಫ್ಲಾರಿಡಾದಲ್ಲಿ ಇನ್ನೊಂದು ಪಾಠ ಆಯಿತು. ಅಲ್ಲಿ ಸ್ಮಾರ್ಟ್ ಐಡಿ ಅಂತ ಒಂದು ಆ್ಯಪ್ ಇತ್ತು. 2024ರ ಜುಲೈನಲ್ಲಿ ಗುತ್ತಿಗೆದಾರರನ್ನು ಬದಲಾಯಿಸುವ ಹೊತ್ತಿಗೆ ಅದನ್ನು ತೆಗೆದುಹಾಕಿ, ಬಳಸುತ್ತಿದ್ದವರಿಗೆ ಫೋನಿನಿಂದ ಅಳಿಸಿಬಿಡಿ ಅಂದರು. ಕಾರ್ಡ್ ಇದ್ದ ಕಾರಣ ಯಾರ ಗಾಡಿಯೂ ನಿಲ್ಲಲಿಲ್ಲ.

ಎಚ್-1ಬಿ ಮೇಲಿರುವ ನಮ್ಮವರಿಗೆ ಎರಡು ಮಾತು. ವೀಸಾ ಮೇಲಿದ್ದರೆ ರಿಯಲ್ ಐಡಿ, ಅಂದರೆ ಕೇಂದ್ರ ಸರ್ಕಾರದ ಮಾನದಂಡಕ್ಕೆ ಹೊಂದುವ, ಲೈಸೆನ್ಸಿನ ಅವಧಿ ನಿಮಗೆ ಇಲ್ಲಿರಲು ಅನುಮತಿ ಇರುವ ದಿನಕ್ಕೇ ಮುಗಿಯುತ್ತದೆ. ಕೆಲವು ಕಾರ್ಡ್‌ಗಳ ಮೇಲೆ "ಲಿಮಿಟೆಡ್ ಟರ್ಮ್" ಅಂತ ಅಚ್ಚೂ ಇರುತ್ತದೆ. ಫೋನಿನ ಲೈಸೆನ್ಸ್ ಅದೇ ಕಾರ್ಡಿನ ನೆರಳು, ಅವಧಿ ತಾನಾಗಿ ಬೆಳೆಯುವುದಿಲ್ಲ. ಎಕ್ಸ್‌ಟೆನ್ಷನ್ ಕಾಗದ ಬಂದ ಮೇಲೆ ಡಿಎಂವಿಯಲ್ಲಿ ಮೊದಲು ಕಾರ್ಡ್ ಹೊಸದು ಮಾಡಿಸಿ. 2025ರ ಮೇ 7ರಿಂದ ದೇಶದೊಳಗಿನ ವಿಮಾನ ಹತ್ತಲು ರಿಯಲ್ ಐಡಿ ಅಥವಾ ಪಾಸ್‌ಪೋರ್ಟಿನಂಥ ಬೇರೆ ಗುರುತು ಬೇಕಲ್ಲ, ಅಲ್ಲೂ ಹೀಗೆಯೇ. ಕಾರ್ಡ್ ರಿಯಲ್ ಐಡಿ ಆಗಿರದಿದ್ದರೆ ಫೋನಿನಲ್ಲಿರುವುದೂ ಆಗಿರುವುದಿಲ್ಲ. ಇನ್ನೊಂದು, ಲೈಸೆನ್ಸ್ ನಿಮ್ಮ ವೀಸಾ ಸ್ಥಿತಿಗೆ ಪುರಾವೆ ಅಲ್ಲ. ವೀಸಾದವರು ಐ-94 ಎಂಬ ಪ್ರವೇಶದ ದಾಖಲೆಯನ್ನು, ಗ್ರೀನ್ ಕಾರ್ಡ್ ಇರುವವರು ಆ ಕಾರ್ಡನ್ನು ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮ ಹಾಗೇ ಇದೆ.

ಈ ವಾರ ಆ ಬಿಯರ್ ಅಂಗಡಿಯ ಕಂಪನಿಯಿಂದ ಹೊಸ ಪಟ್ಟಿ ಬಂದಿದೆ. ಎರಡು ಸಾಲು ಇದ್ದದ್ದು ಮೂರಾಗಿದೆ. ಮೂರನೆಯದು ಜಿಪ್ ಕೋಡ್, ಪಕ್ಕದಲ್ಲಿ "ಉಳಿಸಿಕೊಳ್ಳುತ್ತೇವೆ" ಅಂತಿದೆ. ಯಾಕೆ ಅಂತ ಕೇಳಿ ಬರೆದಿದ್ದೇನೆ. ಉತ್ತರ ಬರುವವರೆಗೆ ಹೊಸ ಪಟ್ಟಿಯನ್ನು ಕೇಳುವ ಫೋನಿಗೆ ಹಾಕಿಲ್ಲ.