ಸಹಿ ಹಾಕಿದರು, ಸೆನೆಟ್‌ಗೆ ಕಳಿಸಲೇ ಇಲ್ಲ: ಮಕ್ಕಳ ಹಕ್ಕುಗಳ ಒಡಂಬಡಿಕೆ ಮತ್ತು ಅಮೆರಿಕ

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದವರ ಪಟ್ಟಿಯಲ್ಲಿ ಉತ್ತರ ಕೊರಿಯಾ ಇದೆ, ಇರಾನ್ ಇದೆ, ಅಫ್ಘಾನಿಸ್ತಾನ ಇದೆ. 2015ರ ವರೆಗೆ ಸೊಮಾಲಿಯಾ ಮತ್ತು ದಕ್ಷಿಣ ಸುಡಾನ್ ಹೊರಗಿದ್ದವು. ಆ ವರ್ಷ ಅವೂ ಸೇರಿಕೊಂಡವು. ಈಗ ವಿಶ್ವಸಂಸ್ಥೆಯ ಸದಸ್ಯ ದೇಶಗಳ ಪೈಕಿ ಹೊರಗೆ ಉಳಿದಿರುವುದು ಒಂದೇ, ಅಮೆರಿಕ.

ತಮಾಷೆ ಏನೆಂದರೆ, ಈ ಒಡಂಬಡಿಕೆಯನ್ನು ಬರೆಯುವಾಗ ಅತಿ ಉತ್ಸಾಹದಿಂದ ಕೂತವರಲ್ಲಿ ಅಮೆರಿಕದವರೂ ಇದ್ದರು. 1978ರಲ್ಲಿ ಪೋಲೆಂಡ್ ಮೊದಲ ಕರಡು ಮುಂದಿಟ್ಟಿತು. ಅದು ಶೀತಲ ಸಮರದ ಕಾಲ. ಅನ್ನ, ಆರೋಗ್ಯ, ಶಾಲೆ ಎಂದು ಕಮ್ಯುನಿಸ್ಟ್ ದೇಶಗಳು ಒತ್ತು ಕೊಟ್ಟರೆ, ರೇಗನ್ ಸರ್ಕಾರದ ಪ್ರತಿನಿಧಿಗಳು ಮಕ್ಕಳ ಮಾತಿನ ಸ್ವಾತಂತ್ರ್ಯ, ಸಂಘಟನೆಯ ಸ್ವಾತಂತ್ರ್ಯ, ಖಾಸಗಿತನಗಳನ್ನು ಸೇರಿಸಲು ಪಟ್ಟು ಹಿಡಿದರು. ಹತ್ತು ವರ್ಷದ ಚರ್ಚೆಯ ಬಳಿಕ 1989ರ ನವೆಂಬರ್ 20ರಂದು ಸಾಮಾನ್ಯ ಸಭೆ 54 ವಿಧಿಗಳ ಈ ಒಡಂಬಡಿಕೆಯನ್ನು ಅಂಗೀಕರಿಸಿತು. 1995ರ ಫೆಬ್ರವರಿ 16ರಂದು, ಆಗ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್ ತಮ್ಮ ದೇಶದ ಪರವಾಗಿ ಸಹಿ ಹಾಕಿದರು.

ಅಲ್ಲಿಗೆ ನಿಂತಿತು. ಅಮೆರಿಕದಲ್ಲಿ ಸಹಿ ಸಾಕಾಗುವುದಿಲ್ಲ. ಅಧ್ಯಕ್ಷರು ಅದನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಕಳಿಸಬೇಕು, ಅಲ್ಲಿ ಮೂರನೇ ಎರಡರಷ್ಟು ಮತ ಬೀಳಬೇಕು. ನೂರೂ ಜನ ಹಾಜರಿದ್ದರೆ 67 ಮತ. ಆಗ ಸೆನೆಟ್‌ನ ವಿದೇಶಾಂಗ ಸಮಿತಿಗೆ ಜೆಸ್ಸಿ ಹೆಲ್ಮ್ಸ್ ಅಧ್ಯಕ್ಷ. ವಿಶ್ವಸಂಸ್ಥೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಒಡಂಬಡಿಕೆಯನ್ನು ನಮ್ಮತ್ತ ಕಳಿಸಲೇಬೇಡಿ ಎಂದು ಅವರು ನಿರ್ಣಯವನ್ನೇ ಮಂಡಿಸಿದರು. ಕ್ಲಿಂಟನ್ ಕಳಿಸಲಿಲ್ಲ. ಬುಷ್ ಕಳಿಸಲಿಲ್ಲ. 2008ರ ಚುನಾವಣೆ ಹೊತ್ತಿನಲ್ಲಿ, ಸೊಮಾಲಿಯಾದ ಜೊತೆ ಒಂದೇ ಸಾಲಿನಲ್ಲಿ ನಿಂತಿರುವುದು ನಾಚಿಕೆಯ ವಿಷಯ ಎಂದಿದ್ದ ಒಬಾಮ ಕೂಡ ಎಂಟು ವರ್ಷದಲ್ಲಿ ಕಳಿಸಲಿಲ್ಲ. ನಂತರದವರದ್ದೂ ಅದೇ ಕಥೆ.

ಯಾಕೆ ಹೀಗೆ? ಇದು ಅರ್ಥವಾಗಬೇಕಾದರೆ ಮಕ್ಕಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹಕ್ಕಿಗಳಿಂದ ಶುರು ಮಾಡಬೇಕು. ಕೆನಡಾ ಮತ್ತು ಅಮೆರಿಕದ ನಡುವೆ ಹಾರಾಡುವ ವಲಸೆ ಹಕ್ಕಿಗಳನ್ನು ಉಳಿಸಲು 1916ರಲ್ಲಿ, ಆಗ ಕೆನಡಾದ ವಿದೇಶ ವ್ಯವಹಾರ ನೋಡುತ್ತಿದ್ದ ಬ್ರಿಟನ್ ಜೊತೆ ಒಪ್ಪಂದವಾಯಿತು. ನಮ್ಮ ನೆಲದ ಬೇಟೆಯ ಕಾನೂನು ನಮ್ಮದು, ನಡುವೆ ನೀವ್ಯಾರು ಎಂದು ಮಿಸ್ಸೂರಿ ರಾಜ್ಯ ಕೋರ್ಟಿಗೆ ಹೋಯಿತು. 1920ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಪರ ತೀರ್ಪು ಕೊಟ್ಟಿತು. ರಾಜ್ಯಗಳಿಗೆ ಸೇರಿದ ವಿಷಯದಲ್ಲೂ ಒಪ್ಪಂದದ ಬಲದಿಂದ ಕೇಂದ್ರ ಕಾನೂನು ಮಾಡಬಹುದು ಎಂಬುದು ಅದರ ತಿರುಳು.

ಹಕ್ಕಿಗಳಿಗಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಮಾನವ ಹಕ್ಕುಗಳ ಒಪ್ಪಂದಗಳು ಒಂದೊಂದಾಗಿ ಬಂದಾಗ ದಕ್ಷಿಣದ ರಾಜ್ಯಗಳಿಗೆ ದಿಗಿಲಾಯಿತು. ಕರಿಯರಿಗೆ ಬೇರೆ ಶಾಲೆ, ಬೇರೆ ಬಸ್ ಸೀಟು ಎಂಬ ಕಾನೂನುಗಳನ್ನೆಲ್ಲ ಇದೇ ದಾರಿಯಲ್ಲಿ ಕಿತ್ತುಹಾಕಿದರೆ? ಒಪ್ಪಂದಗಳ ರೆಕ್ಕೆ ಕತ್ತರಿಸಲು ಸೆನೆಟರ್ ಜಾನ್ ಬ್ರಿಕರ್ ಸಂವಿಧಾನ ತಿದ್ದುಪಡಿಯೊಂದನ್ನು ತಂದರು. 1954ರಲ್ಲಿ ಅದರ ಬದಲಿ ರೂಪವೊಂದು ಸೆನೆಟ್‌ನಲ್ಲಿ ಬಿದ್ದುಹೋದದ್ದು ಒಂದೇ ಒಂದು ಮತದ ಕೊರತೆಯಿಂದ. ಅದನ್ನು ತಡೆಯುವ ಹೊತ್ತಿಗೆ ಐಸೆನ್‌ಹೋವರ್ ಸರ್ಕಾರ ಒಂದು ಮಾತು ಕೊಟ್ಟಾಗಿತ್ತು: ವಿಶ್ವಸಂಸ್ಥೆಯ ಮಾನವ ಹಕ್ಕು ಒಡಂಬಡಿಕೆಗಳಿಗೆ ನಾವು ಸೇರುವುದಿಲ್ಲ. ತಿದ್ದುಪಡಿ ಸೋತಿತು, ಅದರ ಹಿಂದಿನ ಭಯ ಗೆದ್ದಿತು. ನರಮೇಧ ತಡೆಯುವ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಿದ್ದು 1948ರಲ್ಲಿ, ಸೆನೆಟ್ ಒಪ್ಪಿದ್ದು 1986ರಲ್ಲಿ. ಅದಕ್ಕಾಗಿ ವಿಲಿಯಂ ಪ್ರಾಕ್ಸ್‌ಮೈರ್ ಎಂಬ ಸೆನೆಟರ್ 19 ವರ್ಷ ಸದನದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಭಾಷಣ ಮಾಡಬೇಕಾಯಿತು! ನರಮೇಧ ಬೇಡ ಎನ್ನಲು ಇಷ್ಟು ಕಷ್ಟವಾದರೆ, ಮನೆಯೊಳಗಿನ ಮಕ್ಕಳ ವಿಷಯ ಕೇಳಬೇಕೇ?

ಈ ಹಳೆಯ ಭಯಕ್ಕೆ 1990ರ ದಶಕದಲ್ಲಿ ಹೊಸ ಯಜಮಾನರು ಸಿಕ್ಕರು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಪೋಷಕರ ಸಂಘಟನೆಗಳು ಅವು. ಮಗುವಿಗೆ ಏಟು ಕೊಡುವಂತಿಲ್ಲ, ದೇವರ ಪಾಠ ಹೇಳುವಂತಿಲ್ಲ, ಎಲ್ಲ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯಿಂದಲೇ ತೀರ್ಮಾನ ಎಂದು ಅವು ಪ್ರಚಾರ ಮಾಡಿದವು. ಇದರಲ್ಲಿ ಉತ್ಪ್ರೇಕ್ಷೆಯೇ ಜಾಸ್ತಿ. ತಂದೆತಾಯಿಯ ಹೊಣೆ, ಹಕ್ಕುಗಳನ್ನು ಗೌರವಿಸಬೇಕು ಎಂದು 5ನೇ ವಿಧಿ ಹೇಳುತ್ತದೆ. ಮಗುವನ್ನು ಬೆಳೆಸುವ ಮೊದಲ ಜವಾಬ್ದಾರಿ ಪೋಷಕರದು ಎಂದು 18ನೇ ವಿಧಿ ಹೇಳುತ್ತದೆ. ಆದರೆ ಏಟಿನ ವಿಷಯದಲ್ಲಿ ಅವರ ಮಾತು ಪೂರ್ತಿ ಸುಳ್ಳಲ್ಲ. ಮನೆಯಲ್ಲೂ ಹೊಡೆಯಬಾರದು ಎಂದೇ ಜಿನೀವಾದ ಸಮಿತಿ ಒಡಂಬಡಿಕೆಯನ್ನು ಓದುತ್ತದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದಕ್ಕಿಂತ, ಹೊಡೆಯುವುದನ್ನು ಯಾಕೆ ಬಿಡಬೇಕು ಎಂದು ನೇರವಾಗಿ ಹೇಳುವುದೇ ವಾಸಿ ಅಲ್ವಾ?

ಈ ಗುಂಪುಗಳ ಬಲ ಎಷ್ಟು ಎಂಬುದು ಗೊತ್ತಾದದ್ದು 2012ರ ಡಿಸೆಂಬರ್ 4ರಂದು. ಅಂದು ಸೆನೆಟ್‌ನ ಮುಂದಿದ್ದದ್ದು ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಅದೂ ಅಮೆರಿಕದ್ದೇ 1990ರ ಕಾನೂನನ್ನು ಮಾದರಿಯಾಗಿಟ್ಟು ಬರೆದದ್ದು. ಯುದ್ಧದಲ್ಲಿ ಗಾಯಗೊಂಡು ಕೈ ಸ್ವಾಧೀನ ಕಳೆದುಕೊಂಡಿದ್ದ ರಿಪಬ್ಲಿಕನ್ ಹಿರಿಯ ಬಾಬ್ ಡೋಲ್, 89ನೇ ವಯಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ ಸದನಕ್ಕೆ ಬಂದು ಕೂತರು. ಪರವಾಗಿ 61, ವಿರುದ್ಧ 38. ಮತ ಹಾಕಿದ 99 ಜನರಲ್ಲಿ 66 ಬೇಕಿತ್ತು, ಐದು ಮತ ಕಡಿಮೆ. ಅಂಗವಿಕಲ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಅಧಿಕಾರ ಹೋಗುತ್ತದೆ ಎಂಬುದೇ ಅಲ್ಲೂ ದೊಡ್ಡ ಗದ್ದಲ. ಅದೇ ಸೋತ ಮೇಲೆ ಮಕ್ಕಳ ಒಡಂಬಡಿಕೆಯನ್ನು ಮುಂದಿಡುವ ಧೈರ್ಯ ಯಾರಿಗೆ ಬರಬೇಕು?

ಹಾಗಂತ ಅಮೆರಿಕ ಪೂರ್ತಿ ಹೊರಗೂ ಇಲ್ಲ. ಮಕ್ಕಳನ್ನು ಯುದ್ಧಕ್ಕೆ ಬಳಸಬಾರದು, ಮಾರಬಾರದು ಎಂಬ ಎರಡು ಪೂರಕ ಒಪ್ಪಂದಗಳನ್ನು 2002ರಲ್ಲೇ ಅನುಮೋದಿಸಿದೆ. ಮೂಲ ಬೇಡ, ಬಾಲಂಗೋಚಿ ಸಾಕು!

ಷರತ್ತು ಹಾಕಿ ಸೇರುವ ದಾರಿಯೂ ಇದೆ, ಅದನ್ನು ಭಾರತವೇ ತುಳಿದಿದೆ. 1992ರ ಡಿಸೆಂಬರ್ 11ರಂದು ಸೇರುವಾಗ, ಬಾಲಕಾರ್ಮಿಕ ಪದ್ಧತಿಯನ್ನು ಒಮ್ಮೆಲೇ ತೆಗೆಯಲಾಗದು, ಹಂತಹಂತವಾಗಿ ಮಾಡುತ್ತೇವೆ ಎಂದು ಭಾರತ ಬರೆದುಕೊಟ್ಟಿತು. ಒಪ್ಪಿದ ಮಾತ್ರಕ್ಕೆ ಹೋಟೆಲು, ಗ್ಯಾರೇಜುಗಳಿಂದ ಹುಡುಗರು ಮಾಯವಾಗಲಿಲ್ಲ, ನಿಜ. ಆದರೆ ಸರ್ಕಾರ ಜಿನೀವಾಕ್ಕೆ ವರದಿ ಒಪ್ಪಿಸಬೇಕಾಯಿತು. ಮಕ್ಕಳ ಹಕ್ಕುಗಳ ಆಯೋಗಗಳು ಬಂದವು. ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆದು, ಶಾಲೆಗೆ ಶೌಚಾಲಯ ಇಲ್ಲ, ಬಸ್ ನಿಲ್ಲಿಸುವುದಿಲ್ಲ ಎಂದು ಹುಡುಗಿಯರು ಪಂಚಾಯ್ತಿಯವರ ಎದುರೇ ಹೇಳುವಂತಾಯಿತು. ಮಗುವಿನ ಮಾತು ಕೇಳಬೇಕು ಎನ್ನುವ 12ನೇ ವಿಧಿ ಊರಿಗೆ ಇಳಿದರೆ ಹೀಗಿರುತ್ತದೆ.

ಅಮೆರಿಕದಲ್ಲಿ ಆ ಕೆಲಸ ಕೋರ್ಟು ಮತ್ತು ರಾಜ್ಯಗಳ ಪಾಲಿಗೆ ಬಿದ್ದಿದೆ. 18 ತುಂಬದವರ ಮದುವೆಯನ್ನು ಪೂರ್ತಿ ನಿಷೇಧಿಸಿದ ಮೊದಲ ರಾಜ್ಯ ಡೆಲವೇರ್, ಅದೂ 2018ರಲ್ಲಿ. 18ರ ಒಳಗೆ ಮಾಡಿದ ಅಪರಾಧಕ್ಕೆ ಗಲ್ಲು ಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2005ರಲ್ಲಿ, 5-4 ಅಂತರದಲ್ಲಿ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆನಡಿ ಇದೇ ಒಡಂಬಡಿಕೆಯನ್ನು ಉಲ್ಲೇಖಿಸಿದರು. 2012ರಲ್ಲಿ, ಅಂಥವರಿಗೆ ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಒಡಂಬಡಿಕೆ ಬೇಕೇ ಬೇಕು ಎನ್ನುವವರ ಗಟ್ಟಿ ವಾದ ಇಲ್ಲಿಂದ ಮುಂದಿದೆ. ಕೋರ್ಟ್ ಕೊಟ್ಟದ್ದನ್ನು ಕೋರ್ಟೇ ಸಡಿಲಿಸಬಹುದು. 2021ರಲ್ಲಿ ಮಿಸಿಸಿಪ್ಪಿಯ ಪ್ರಕರಣವೊಂದರಲ್ಲಿ, ಈ ಹುಡುಗ ತಿದ್ದಿಕೊಳ್ಳಲಾರ ಎಂದು ನ್ಯಾಯಾಧೀಶರು ಪ್ರತ್ಯೇಕವಾಗಿ ತೀರ್ಮಾನಿಸದೆಯೂ ಆ ಶಿಕ್ಷೆ ಕೊಡಬಹುದು ಎಂದು ಅದೇ ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಮಕ್ಕಳಿಗೆ ಆ ಶಿಕ್ಷೆಯನ್ನು ಕೈಬಿಟ್ಟಿವೆ, ಉಳಿದವುಗಳ ಕಾನೂನಿನಲ್ಲಿ ಅದು ಇನ್ನೂ ಇದೆ. ಒಡಂಬಡಿಕೆಯ 37ನೇ ವಿಧಿ ಅದನ್ನು ಸಾರಾಸಗಟಾಗಿ ನಿಷೇಧಿಸುತ್ತದೆ.