ಗಣಿ ಬಾಯಲ್ಲಿ ರಾಶಿ, ಗಿರಾಕಿ ಮನೆಯಲ್ಲಿ ಚಳಿ

ಕಲ್ಲಿದ್ದಲು ರಫ್ತು ಮಾಡುವ ದೇಶದ ಮೇಲೆ ಬಾಂಬ್ ಬಿತ್ತು ಅಂದರೆ ಎಲ್ಲರೂ ಮೊದಲು ಕೇಳುವುದು ಗಣಿಗೆ ಏನಾಯಿತು ಅಂತ. ಬಂದರಿನಲ್ಲಿ ಕಲ್ಲಿದ್ದಲು ಇಳಿಸಿ, ರೇಕ್ (ಒಂದು ಇಡೀ ಸರಕು ರೈಲಿನ ವ್ಯಾಗನ್ ಸಾಲು) ತುಂಬಿಸಿ ಕಳಿಸುವ ಕೆಲಸದಲ್ಲೇ ವಯಸ್ಸು ಕಳೆದ ನನಗೆ ಬೇರೆ ಪ್ರಶ್ನೆ ಹೊಳೆಯುತ್ತದೆ. ಖಾಲಿ ವ್ಯಾಗನ್ ವಾಪಸ್ ಬರ್ತಾ ಇದೆಯಾ?

ಇದನ್ನು ತಿಳಿಯಲು ಎರಡನೇ ಮಹಾಯುದ್ಧದ ಜರ್ಮನಿಯನ್ನು ನೋಡಬೇಕು. ಅಲ್ಲಿನ ರೂರ್ ಪ್ರದೇಶ ಆಗ ಯುರೋಪಿನ ದೊಡ್ಡ ಕಲ್ಲಿದ್ದಲು ಕಣಜವಾಗಿತ್ತು. ಇಟಲಿಯಲ್ಲಿ ಹೇಳಿಕೊಳ್ಳುವಂಥ ಕಲ್ಲಿದ್ದಲು ಇಲ್ಲ. ರೂರ್‌ನ ಕಲ್ಲಿದ್ದಲು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಇಟಲಿಗೆ ಹೋಗುತ್ತಿತ್ತು. 1940ರ ಮಾರ್ಚ್‌ನಲ್ಲಿ ಬ್ರಿಟಿಷ್ ನೌಕಾಪಡೆ ಈ ಹಡಗುಗಳನ್ನು ತಡೆಯಿತು. ಆಗ ಜರ್ಮನಿ, ತಿಂಗಳಿಗೆ 10 ಲಕ್ಷ ಟನ್ ರೈಲಿನಲ್ಲೇ ಕಳಿಸುತ್ತೇವೆ ಎಂದು ಮಾತು ಕೊಟ್ಟಿತು. ಅಂದರೆ ಆಲ್ಪ್ಸ್ ಬೆಟ್ಟ ದಾಟಿಸಿ!

ಸ್ವಲ್ಪ ಲೆಕ್ಕ ಹಾಕೋಣ. 8,000 ಟನ್ನಿನ ಒಂದು ಹಡಗು ಹೊರುವ ಸರಕಿಗೆ 20 ಟನ್ನಿನ 400 ವ್ಯಾಗನ್ ಬೇಕು. 10 ಲಕ್ಷ ಟನ್ ಅಂದರೆ ತಿಂಗಳಿಗೆ 50,000 ವ್ಯಾಗನ್. ಇವತ್ತಿನ ನಮ್ಮ ರೇಕ್ ಸುಮಾರು 4,000 ಟನ್ ಹೊರುತ್ತದೆ. ಅದರಲ್ಲೂ 250 ರೇಕ್ ಬೇಕಾಗುತ್ತದೆ, ದಿನಕ್ಕೆ ಎಂಟಕ್ಕಿಂತ ಜಾಸ್ತಿ. ಒಂದು ದಿನ ತಪ್ಪಿದರೆ ಮರುದಿನ ಹದಿನಾರು ಕಳಿಸಲು ಆಗುವುದಿಲ್ಲ.

ವ್ಯಾಗನ್ ತುಂಬಿ ಹೊರಟು, ಖಾಲಿಯಾಗಿ ಮತ್ತೆ ಗಣಿಗೆ ಬರುವ ಸುತ್ತಿಗೆ ನಾವು ಟರ್ನ್‌ರೌಂಡ್ ಅನ್ನುತ್ತೇವೆ. ಇಡೀ ವ್ಯಾಪಾರದ ಉಸಿರು ಇರುವುದು ಇಲ್ಲೇ. ರೂರ್ ಒಳಗಿನ ಉಕ್ಕಿನ ಕಾರ್ಖಾನೆಗೆ ಹೋದ ವ್ಯಾಗನ್ ಬೇಗ ತಿರುಗಿ ಬರುತ್ತದೆ. ಇಟಲಿಗೆ ಹೋದದ್ದು ವಾರಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ವ್ಯಾಗನ್ ಕಡಿಮೆಯಾದಾಗ ಅಧಿಕಾರಿ ಏನು ಮಾಡುತ್ತಾನೆ? ಹತ್ತಿರದವರಿಗೆ ಕೊಡುತ್ತಾನೆ, ದೂರದವರಿಗೆ ಇಲ್ಲ ಅನ್ನುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹಾಗಾಗಿ ರಫ್ತಿನ ಗಿರಾಕಿಯೇ ಮೊದಲು ಬರಿಗೈಯಾಗುತ್ತಾನೆ. ನನ್ನ ಅನುಭವದಲ್ಲಿ ಇದಕ್ಕೆ ಯುದ್ಧವೇ ಬೇಕಾಗಿಲ್ಲ, ಘಾಟಿಯಲ್ಲಿ ಗುಡ್ಡ ಕುಸಿದು ಹಳಿ ಮುಚ್ಚಿದರೂ ಸಾಕು.

1944ರಲ್ಲಿ ಮಿತ್ರಪಡೆಗಳ ವಿಮಾನಗಳು ಹೊಡೆದದ್ದು ಈ ಸುತ್ತನ್ನೇ. ಹಾಮ್‌ನಂಥ ಊರುಗಳ ಮಾರ್ಷಲಿಂಗ್ ಯಾರ್ಡ್‌ಗಳ ಮೇಲೆ ಮತ್ತೆ ಮತ್ತೆ ಬಾಂಬ್ ಬಿತ್ತು. ಯಾರ್ಡ್ ಅಂದರೆ ಬಂದ ವ್ಯಾಗನ್‌ಗಳನ್ನು ಬಿಡಿಸಿ, ಊರಿಗೊಂದರಂತೆ ಹೊಸ ರೈಲು ಕಟ್ಟುವ ಜಾಗ. ಅಲ್ಲಿ ಹಳಿಗಳು ತಿರುಚಿಕೊಂಡರೆ ಹಿಂದಿನ ರೈಲುಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಆ ವರ್ಷದ ಜನವರಿಯಲ್ಲಿ ರೂರ್‌ನ ಎಸ್ಸೆನ್ ರೈಲ್ವೆ ವಿಭಾಗದಲ್ಲಿ ಕಲ್ಲಿದ್ದಲಿಗೆ ದಿನಕ್ಕೆ ಸರಾಸರಿ 21,400 ವ್ಯಾಗನ್ ಸಿಗುತ್ತಿದ್ದವು. ಸೆಪ್ಟೆಂಬರ್ ಹೊತ್ತಿಗೆ ಅದು 12,000ಕ್ಕೆ ಇಳಿಯಿತು. ಅದರಲ್ಲಿ ದೂರದ ಊರುಗಳಿಗೆ ಹೊರಟದ್ದು ಮೂರ್ನಾಲ್ಕು ಸಾವಿರ ಮಾತ್ರ. ಈ ಕೊನೆಯ ಅಂಕಿ ನೋಡಿದಾಗೆಲ್ಲ ನನಗೆ ಗಿರಾಕಿಗಳ ಮುಖ ಕಣ್ಣ ಮುಂದೆ ಬರುತ್ತದೆ.

ರೈಲು ಇಲ್ಲದಿದ್ದರೆ ದೋಣಿ ಇತ್ತಲ್ಲ ಅಂತ ಕೇಳಬಹುದು. ಇತ್ತು. ಡಾರ್ಟ್ಮಂಡ್-ಎಮ್ಸ್ ಕಾಲುವೆ ರೂರ್ ಪ್ರದೇಶವನ್ನು ಎಮ್ಡೆನ್ ಬಂದರಿಗೆ ಜೋಡಿಸುತ್ತದೆ. ಲಾಡ್‌ಬರ್ಗೆನ್ ಎಂಬ ಊರಿನ ಹತ್ತಿರ ಈ ಕಾಲುವೆ ಸುತ್ತಲಿನ ಹೊಲಗಳಿಗಿಂತ ಎತ್ತರದಲ್ಲಿ, ಏರಿ ಕಟ್ಟಿಕೊಂಡು, ಒಂದು ಸಣ್ಣ ಹೊಳೆಯ ಮೇಲೆ ಹಾದುಹೋಗುತ್ತದೆ. ನಮ್ಮ ಕೆರೆ ಏರಿ ಒಡೆದರೆ ಏನಾಗುತ್ತದೆ ಗೊತ್ತಲ್ವಾ? ಅದೇ ಆಯಿತು. 1943ರ ಸೆಪ್ಟೆಂಬರ್‌ನಲ್ಲಿ ಇದೇ ಕಾಲುವೆ ಒಡೆಯಲು ಬಂದ ಎಂಟು ಬ್ರಿಟಿಷ್ ವಿಮಾನಗಳಲ್ಲಿ ಐದು ವಾಪಸ್ ಹೋಗಲಿಲ್ಲ. ಮರುವರ್ಷ ಸೆಪ್ಟೆಂಬರ್ 23ರ ರಾತ್ರಿ ಐದು ಟನ್ನಿಗೂ ಮೀರಿದ ತೂಕದ ಬಾಂಬುಗಳು ಏರಿ ಒಡೆದವು. ಮೈಲಿಗಟ್ಟಲೆ ನೀರು ಬಸಿದು ಹೋಗಿ, ಸರಕು ತುಂಬಿದ ದೋಣಿಗಳು ಕೆಸರಿನಲ್ಲಿ ಕೂತವು. ಮಣ್ಣು ಹೊತ್ತು ರಿಪೇರಿ ಮಾಡಿದರು. ಕೆಲಸ ಮುಗಿಯುವ ಹೊತ್ತಿಗೆ, ನವೆಂಬರ್‌ನಲ್ಲಿ, ಮತ್ತೆ ಬಾಂಬ್. ಹೊಸ ವರ್ಷದ ದಿನ ಮತ್ತೊಮ್ಮೆ. ಇಂಥ ರಿಪೇರಿಗಳಿಗೆ ಜರ್ಮನಿ ಬೇರೆ ದೇಶಗಳಿಂದ ಬಲವಂತವಾಗಿ ಹಿಡಿದು ತಂದವರನ್ನು ಹಚ್ಚುತ್ತಿತ್ತು. ಸರಕಿನ ಲೆಕ್ಕ ಬರೆಯುವಾಗ ಅವರನ್ನು ಮರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇತ್ತ ಗಣಿಗಳ ಬಾಯಲ್ಲಿ ರಾಶಿ ಬೆಳೆಯುತ್ತಿತ್ತು. ಉತ್ಪಾದನೆ ಕುಸಿಯುತ್ತಿದ್ದರೂ 1944ರ ಆಗಸ್ಟ್‌ನಿಂದ ಆರು ತಿಂಗಳಲ್ಲಿ ರೂರ್‌ನ ದಾಸ್ತಾನು 4.15 ಲಕ್ಷ ಟನ್ನಿನಿಂದ 22.17 ಲಕ್ಷ ಟನ್ನಿಗೆ ಏರಿತು. ದಾಸ್ತಾನು ಇದ್ದರೆ ಒಳ್ಳೆಯದೇ ಅಂತ ಅನ್ನಿಸಬಹುದು. ಆದರೆ ಕಲ್ಲಿದ್ದಲು ಸುಮ್ನೆ ಬಿದ್ದಿರುವ ವಸ್ತುವಲ್ಲ. ಬೆಳಿಗ್ಗೆ ನಮ್ಮ ಕಲ್ಲಿದ್ದಲು ರಾಶಿ ಹಾಕುವ ಯಾರ್ಡಿಗೆ ಕಾಲಿಟ್ಟಾಗ ಸೀಮೆಎಣ್ಣೆಯಂಥ ವಾಸನೆ ಬಂತು ಅಂದರೆ ನನ್ನ ಎದೆ ಧಸಕ್ ಅನ್ನುತ್ತದೆ. ರಾಶಿ ಒಳಗೊಳಗೇ ಬಿಸಿಯಾಗುತ್ತಿದೆ ಅಂತ ಅರ್ಥ. ಲೋಡರ್ ತಂದು ಆ ಭಾಗ ಬಗೆದು, ಹರಡಿ, ಆರಿಸಿ, ಮತ್ತೆ ಒತ್ತಿ ಕಟ್ಟಬೇಕು. ತಡ ಮಾಡಿದರೆ ಹೊಗೆ, ಆಮೇಲೆ ಬೆಂಕಿ. ಅಷ್ಟರ ಮೇಲೆ ರಾಶಿ ಹಾಕಲು ಜಾಗವೇ ಮುಗಿದರೆ ಗಣಿಯಲ್ಲಿ ಅಗೆಯುವುದನ್ನೂ ನಿಲ್ಲಿಸಬೇಕು.

ಇನ್ನೊಂದು ಪೆಟ್ಟು ಆಲ್ಪ್ಸ್‌ನಲ್ಲಿ ಬಿತ್ತು. ಬೆಟ್ಟ ದಾಟಿ ಇಟಲಿಗೆ ಹೋಗುವ ಬ್ರೆನ್ನರ್ ರೈಲು ಮಾರ್ಗದಲ್ಲಿ ಓಡುತ್ತಿದ್ದದ್ದು ಕರೆಂಟಿನ ಎಂಜಿನ್‌ಗಳು. 1944ರ ನವೆಂಬರ್ 6ರಂದು ಅಮೆರಿಕದ ವಿಮಾನಗಳು ಅದರ ಟ್ರಾನ್ಸ್‌ಫಾರ್ಮರ್‌ಗಳನ್ನು ಹೊಡೆದವು. ಆಮೇಲೆ ಕಲ್ಲಿದ್ದಲಿನ ಉಗಿ ಎಂಜಿನ್‌ಗಳನ್ನೇ ತರಬೇಕಾಯಿತು. ಉಗಿ ಎಂಜಿನ್ ಆ ಏರು ಹತ್ತುವುದು ನಿಧಾನ, ಎಳೆಯುವುದು ಕಡಿಮೆ, ಮೇಲಾಗಿ ಕಲ್ಲಿದ್ದಲನ್ನು ತಾನೇ ತಿನ್ನುತ್ತದೆ. ಆ ಚಳಿಗಾಲದಲ್ಲಿ ಇಟಲಿಯ ಮಿಲಾನ್ ಜನ ಪಾರ್ಕಿನ ಮರ ಕಡಿದು ಒಲೆ ಉರಿಸಿದರು.

ಬಾಂಬ್ ಬೀಳದ ಕಡೆಯೂ ವ್ಯಾಪಾರ ನಿಂತಿತು. ಸ್ವೀಡನ್ ತನ್ನ ಕಬ್ಬಿಣದ ಅದಿರು ಕೊಟ್ಟು ಜರ್ಮನ್ ಕಲ್ಲಿದ್ದಲು ತರಿಸುತ್ತಿತ್ತು. 1944ರ ಆಗಸ್ಟ್‌ನಲ್ಲಿ, ಜರ್ಮನ್ ಬಂದರುಗಳಿಗೆ ಹೋಗುವ ತನ್ನ ಹಡಗುಗಳಿಗೆ ವಿಮೆ ಕೊಡುವುದನ್ನು ಅದು ನಿಲ್ಲಿಸಿತು. ವಿಮೆ ಇಲ್ಲದೆ ಯಾವ ಮಾಲೀಕ ಹಡಗು ಬಿಡುತ್ತಾನೆ? ಇವತ್ತಿಗೂ ಎಲ್ಲಾದರೂ ಯುದ್ಧ ಶುರುವಾದರೆ ನಾನು ಮೊದಲು ವಿಚಾರಿಸುವುದು ಯುದ್ಧ ಅಪಾಯದ ವಿಮೆಯ ದರವನ್ನೇ.

1945ರ ಮೇ ತಿಂಗಳಲ್ಲಿ ಯುರೋಪಿನ ಯುದ್ಧ ಮುಗಿದಾಗ ಕಲ್ಲಿದ್ದಲು ನೆಲದಡಿಯಲ್ಲೂ ಇತ್ತು, ನೆಲದ ಮೇಲೂ ಇತ್ತು. ಆದರೆ ರೈನ್ ಸೇತುವೆಗಳು ಮುರಿದು ನದಿಗೆ ಬಿದ್ದಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಹಿಂದೆ ಸರಿಯುವಾಗ ಜರ್ಮನ್ ಸೈನ್ಯವೇ ಸಿಡಿಸಿತ್ತು. ಗಣಿ ಕಾರ್ಮಿಕರ ಮನೆಗಳು ಕುಸಿದಿದ್ದವು, ಹೊಟ್ಟೆಗೆ ಸಾಕಷ್ಟು ಇರಲಿಲ್ಲ. 1946ರ ಏಪ್ರಿಲ್ ಒಳಗೆ ಜರ್ಮನಿಯ ಪಶ್ಚಿಮ ಭಾಗದಿಂದ 2.5 ಕೋಟಿ ಟನ್ ಹೊರಗೆ ಕಳಿಸಬೇಕು ಎಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಆದೇಶ ಕೊಟ್ಟರು. ಹಸಿದವರ ಕೈಯಲ್ಲಿ ಅಷ್ಟು ಅಗೆಸುವುದು ಎಲ್ಲಿಂದ ಸಾಧ್ಯ? ಇಟಲಿಗೆ ಕಲ್ಲಿದ್ದಲು ಮತ್ತೆ ಹಡಗಿನಲ್ಲಿ ಬರತೊಡಗಿತು. ಈ ಸಲ ಬಂದದ್ದು ಅಟ್ಲಾಂಟಿಕ್ ದಾಟಿ, ಅಮೆರಿಕದಿಂದ.