ಆ ಗೆರೆಗೆ ‘ಬೇಡ’ ಅಂತ ಅರ್ಥ ಅಲ್ಲ ಮಾರಾಯ್ರೇ

ಮೊನ್ನೆ ರಾತ್ರಿ 9.30ಕ್ಕೆ ಮತ್ತೆ ಅದೇ ಫೋನ್. ‘ಸರ್, ಜುಪಿಟರ್ ನೋಟ್‌ಬುಕ್ಕಲ್ಲಿ ಕೋಡ್ ಇರೋ ಸೆಲ್‌ಗೆಲ್ಲಾ ಗೆರೆನೇ ಬಿಟ್ಟಿದೀನಿ. ಆದ್ರೂ ಸ್ಲೈಡಲ್ಲಿ ಕೋಡ್ ಬರ್ತಿದೆ. ನಾಳೆ ವೈವಾ ಸರ್.’ ಹುಡುಗ ತೀರ್ಥಹಳ್ಳಿ ಕಡೆಯವನು. ಹಿಂದೆ ಹಂಚಿನ ಮೇಲೆ ಮಳೆ ಸದ್ದು. ಶಿವಮೊಗ್ಗದಲ್ಲಿ ಕೂತು ಡೇಟಾ ಕೆಲಸ ಮಾಡುವ ನನಗೆ ಈ ವರ್ಷ ಇಂಥ ಫೋನ್ ಎಷ್ಟು ಬಂತೋ, ಲೆಕ್ಕ ಬಿಟ್ಟಿದ್ದೇನೆ.

ಜುಪಿಟರ್ ನೋಟ್‌ಬುಕ್ ಅಂದರೆ ಕೋಡ್, ಬರಹ, ಗ್ರಾಫ್ ಎಲ್ಲವನ್ನೂ ‘ಸೆಲ್’ ಅನ್ನುವ ತುಂಡುಗಳಲ್ಲಿ ಇಡುವ ಫೈಲ್. ಅದರಿಂದ ಸ್ಲೈಡ್ ತೆಗೆಯಲು ಎನ್‌ಬಿಕನ್ವರ್ಟ್ ಅನ್ನುವ ಪ್ರೋಗ್ರಾಮ್ ಓಡಿಸುವುದು ನಿಮಗೆಲ್ಲ ಗೊತ್ತು. ನೋಟ್‌ಬುಕ್ ತೆರೆಯುವ ಜುಪಿಟರ್‌ಲ್ಯಾಬಿನ ಬಲಗಡೆ ಹಲ್ಲುಚಕ್ರದ ಗುರುತು ಒತ್ತಿದರೆ ಒಂದೊಂದು ಸೆಲ್‌ಗೂ ಗುರುತು ಹಾಕುವ ‘ಸ್ಲೈಡ್ ಟೈಪ್’ ಸಿಗುತ್ತದೆ ಅನ್ನುವುದೂ ಗೊತ್ತು. ಗೊತ್ತಿಲ್ಲದ್ದು ಒಂದೇ. ಅಲ್ಲಿ ಮೊದಲಿನಿಂದಲೇ ಕೂತಿರುವ ಸಣ್ಣ ಗೆರೆಯ ಅರ್ಥ.

ಗೆರೆ ಅಂದರೆ ‘ಈ ಸೆಲ್ ಬೇಡ’ ಅಂತ ಅಲ್ಲ. ‘ಇದನ್ನು ಮೇಲಿನದಕ್ಕೇ ಅಂಟಿಸು’ ಅಂತ. ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ತಾಳಗುಪ್ಪ ರೈಲು ನೋಡಿದ್ದೀರಲ್ಲ? ‘ಸ್ಲೈಡ್’ ಅಂತ ಗುರುತು ಹಾಕಿದ ಸೆಲ್ ಇಂಜಿನ್. ಗೆರೆ ಇರುವವು ಬೋಗಿ. ಇಂಜಿನ್ ಹೋದಲ್ಲಿಗೆ ಅವೂ ಹೋಗುತ್ತವೆ. ಒಂದು ಬೋಗಿ ಬೇಡ ಅಂದರೆ ಕೊಂಡಿ ಕಳಚಬೇಕು. ಕಳಚುವುದಕ್ಕೆ ‘ಸ್ಕಿಪ್’ ಅಂತ ಬೇರೆಯೇ ಗುರುತಿದೆ. ಒಂದು ಸೆಲ್‌ಗೂ ಯಾವ ಗುರುತೂ ಹಾಕದಿದ್ದರೆ ಇಡೀ ನೋಟ್‌ಬುಕ್ ಒಂದೇ ಸ್ಲೈಡ್. 40 ಸೆಲ್ ಇದ್ದರೆ 40ಕ್ಕೂ ಅದೇ ಗತಿ.

ಇದರಿಂದ ಏನಾಗುತ್ತದೆ ಅಂತ ಹೋದ ವರ್ಷ ಕಣ್ಣಾರೆ ಕಂಡೆ. ಒಂದು ಕಾಲೇಜಿನ ಹುಡುಗಿ, ಮಲೆನಾಡಿನ ಮಳೆ ಲೆಕ್ಕ ಇಟ್ಟುಕೊಂಡು ಒಳ್ಳೆ ಕೆಲಸ ಮಾಡಿದ್ದಳು. ಪರದೆ ಮೇಲೆ ಬಂದದ್ದು ದೊಡ್ಡ ಶೀರ್ಷಿಕೆ, ಕೆಳಗೆ ಪಾಂಡಾಸ್ ಅನ್ನುವ ಪೈಥಾನ್ ಲೈಬ್ರರಿಯನ್ನು ಇಂಪೋರ್ಟ್ ಮಾಡಿದ ಸಾಲು, ಅವಳ ಲ್ಯಾಪ್‌ಟಾಪಿನ ಫೋಲ್ಡರ್ ಹೆಸರು, ಒಂದು ಕೆಂಪು ವಾರ್ನಿಂಗ್. ಜುಲೈ ತಿಂಗಳ ಎತ್ತರದ ಕಂಬ ಇದ್ದ ಗ್ರಾಫ್ ಕೆಳಗಡೆ ಎಲ್ಲೋ ಉಳಿಯಿತು. ಈ ಸ್ಲೈಡುಗಳನ್ನು ನಡೆಸುವ ರಿವೀಲ್ ಜೆಎಸ್ ಒಂದು ಸ್ಲೈಡಿಗೆ ಕೊಡುವ ಜಾಗ 960ಕ್ಕೆ 700 ಪಿಕ್ಸೆಲ್. ಅದಕ್ಕಿಂತ ಜಾಸ್ತಿ ತುಂಬಿದರೆ ಕೆಳಗಿನದು ಕಾಣುವುದಿಲ್ಲ. ನಾವಾಗಿ ಹೇಳದಿದ್ದರೆ ಸ್ಕ್ರೋಲ್ ಕೂಡ ಆಗುವುದಿಲ್ಲ. ಪಾಪ, ಬಾಣದ ಗುರುತು ಒತ್ತಿ ಒತ್ತಿ ಸುಸ್ತಾದಳು. ಇದ್ದದ್ದೇ ಒಂದು ಸ್ಲೈಡ್, ಮುಂದೆ ಹೋಗುವುದು ಎಲ್ಲಿಗೆ?

ಆಮೇಲೆ ಅವಳಿಗೆ ಸ್ಕಿಪ್ ಹೇಳಿಕೊಟ್ಟೆ. ಮನೆಗೆ ಹೋದವಳು ಕೋಡ್ ಇದ್ದ ಸೆಲ್‌ಗಳಿಗೆಲ್ಲ ಸ್ಕಿಪ್ ಹಾಕಿದಳು. ಗ್ರಾಫುಗಳೂ ಹೋದವು! ತಪ್ಪು ಅವಳದಲ್ಲ, ಅವಸರದಲ್ಲಿ ಹೇಳಿದ ನನ್ನದು. ಗ್ರಾಫ್ ಅನ್ನುವುದು ಕೋಡಿನ ಸೆಲ್ಲಿಗೇ ಸೇರಿದ ಫಲ, ಮರ ಕಡಿದ ಮೇಲೆ ಗೊನೆ ಎಲ್ಲಿಂದ ಬರಬೇಕು? ಕೋಡ್ ಮರೆಯಾಗಿ ಗ್ರಾಫ್ ಮಾತ್ರ ಉಳಿಯಬೇಕಾದರೆ ಎನ್‌ಬಿಕನ್ವರ್ಟ್ ಓಡಿಸುವಾಗ ‘ನೋ ಇನ್‌ಪುಟ್’ ಆಯ್ಕೆ ಕೊಡಬೇಕು. ಅದು ಎಲ್ಲ ಸೆಲ್ಲಿನ ಕೋಡನ್ನೂ ಮರೆಸುತ್ತದೆ. ಒಂದೆರಡು ಕಡೆ ಮಾತ್ರ ಸಾಕು ಅಂದರೆ ಆ ಸೆಲ್‌ಗಳಿಗೆ ಒಂದು ಟ್ಯಾಗ್ ಕೊಟ್ಟು, ಈ ಟ್ಯಾಗ್ ಇದ್ದಲ್ಲಿ ಕೋಡ್ ತೆಗೆ ಅಂತ ಹೇಳಲೂ ಬರುತ್ತದೆ. ಆವೃತ್ತಿ ಬದಲಾದಂತೆ ಮೆನುಗಳ ಜಾಗ ಆಚೀಚೆ ಆಗಿರಬಹುದು. ಏನೇ ಮಾಡುವ ಮುಂಚೆ ನೋಟ್‌ಬುಕ್ಕಿನ ಒಂದು ನಕಲು ಇಟ್ಟುಕೊಳ್ಳಿ.

ಇನ್ನೊಂದು. ನೀವು ಹೇಳದಿದ್ದರೆ ಎನ್‌ಬಿಕನ್ವರ್ಟ್ ಕೋಡನ್ನು ಹೊಸದಾಗಿ ಓಡಿಸುವುದಿಲ್ಲ. ಕೊನೆಯ ಸಲ ಸೇವ್ ಮಾಡಿದಾಗ ಏನು ಇತ್ತೋ ಅದೇ ಬರುತ್ತದೆ. ಬೆಳಿಗ್ಗೆ ಅಂಕಿ ತಿದ್ದಿ ಸಂಜೆ ಹಳೇ ಗ್ರಾಫ್ ತೋರಿಸಿದವರಿದ್ದಾರೆ. ಮೊದಲ ಸ್ಲೈಡಿಗೆ ಗುರುಗ್ರಹದ ಚಿತ್ರ ಹಾಕಿದವರೂ ಇದ್ದಾರೆ ಅನ್ನಿ. ಜುಪಿಟರ್ ಅನ್ನುವ ಹೆಸರಿನೊಳಗೆ ಜೂಲಿಯಾ, ಪೈಥಾನ್, ಆರ್ ಮೂರು ಪ್ರೋಗ್ರಾಮಿಂಗ್ ಭಾಷೆ ಅಡಗಿವೆ ಅಂದರೆ ನಗುತ್ತಾರೆ.

ನಮ್ಮ ಕಡೆಯವರಿಗೆ ಮಾತ್ರ ಒಂದು ಮಾತು. ಆ ಸ್ಲೈಡ್ ಫೈಲ್ ತೆರೆದಾಗಲೆಲ್ಲ ರಿವೀಲ್ ಜೆಎಸ್ ಅನ್ನು ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ. ಬೆಂಗಳೂರಲ್ಲಿ ಇದು ಯಾರ ಗಮನಕ್ಕೂ ಬರಲಿಕ್ಕಿಲ್ಲ. ಹೊಸನಗರದಲ್ಲೋ ಆಗುಂಬೆಯಲ್ಲೋ ಆಷಾಢದ ಮಳೆಗೆ ನೆಟ್‌ವರ್ಕ್ ಹೋದರೆ ಪುಟ ತೆರೆಯುತ್ತದೆ, ಸ್ಲೈಡ್ ಆಗುವುದಿಲ್ಲ. ರಿವೀಲ್ ಜೆಎಸ್ಸನ್ನೇ ಇಳಿಸಿ ಪಕ್ಕದಲ್ಲಿಟ್ಟು ಅದರ ದಾರಿ ತೋರಿಸಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಹಿಂದಿನ ದಿನವೇ ಬ್ರೌಸರಿನ ವಿಳಾಸದಲ್ಲಿ ಫೈಲಿನ ಹೆಸರು ಮುಗಿದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಪ್ರಿಂಟ್-ಪಿಡಿಎಫ್’ ಅಂತ ಇಂಗ್ಲಿಷಿನಲ್ಲಿ ಸೇರಿಸಿ, ಕ್ರೋಮಿನಿಂದ ಪಿಡಿಎಫ್ ತೆಗೆದು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ನಾನು ಸದಾ ಮಾಡುವುದು ಇದನ್ನೇ.

ಮೊನ್ನೆಯ ಹುಡುಗನಿಗೆ ಇಷ್ಟನ್ನೂ ಫೋನಿನಲ್ಲೇ ಹೇಳಿದೆ. ಮಧ್ಯೆ 2 ಸಲ ಲೈನ್ ಕಟ್ಟಾಯಿತು. ‘ಅರ್ಥ ಆಯ್ತು ಸರ್, ಗೆರೆ ಅಂದ್ರೆ ಅಂಟಿಸು’ ಅಂದ. 10.45ಕ್ಕೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಬಂತು. 14 ಸ್ಲೈಡ್, ಕೋಡ್ ಎಲ್ಲೂ ಇಲ್ಲ, ಗ್ರಾಫುಗಳೆಲ್ಲ ಇವೆ. ಕೊನೆಯದರಲ್ಲಿ ದೊಡ್ಡದಾಗಿ ‘ಧನ್ಯವಾದ’. ಅದರ ಕೆಳಗೆ, ಪೈಥಾನ್ ಲೈಬ್ರರಿ ಹಾಕಿಕೊಳ್ಳಲು ಯಾವಾಗಲೋ ಓಡಿಸಿ ಮರೆತಿದ್ದ ಪಿಪ್ ಇನ್‌ಸ್ಟಾಲ್ ಕಕ್ಕಿದ ಅಷ್ಟೂ ಸಾಲು. ಆ ಸೆಲ್ಲಿಗೆ ಗೆರೆಯೇ ಇತ್ತು.